ಮ್ಯಾಂಟಿಸ್ ಸೀಗಡಿಯ ಟ್ಯಾಂಕ್ ಕೊಳಕಾಗುತ್ತಿದೆಯಾ? ಮೊದಲು ಬಿಲ ನೋಡಿ

ಮ್ಯಾಂಟಿಸ್ ಸೀಗಡಿ ಅಂದರೆ ಬಿಲದಲ್ಲಿ ಬದುಕುತ್ತಾ ಮುಂಗಾಲಿನಿಂದ ಬೇಟೆಯಾಡುವ ಸಮುದ್ರದ ಪ್ರಾಣಿ. ಅದರ ಟ್ಯಾಂಕಿನಲ್ಲಿ ನೀರು ಬದಲಿಸಿದರೂ ನೈಟ್ರೇಟ್ (ಕಸ ಕೊಳೆತ ಮೇಲೆ ನೀರಿನಲ್ಲಿ ಉಳಿಯುವ ರಾಸಾಯನಿಕ) ಇಳಿಯುತ್ತಿಲ್ಲ. ಗಾಜಿನ ಮೇಲೆ ಹಸಿರು ಪಾಚಿ, ಮರಳಿನ ಮೇಲೆ ಕೆಂಪು ಲೋಳೆ. ಪಾಚಿ ತಿನ್ನಲಿ ಅಂತ ಬಿಟ್ಟ ಬಸವನಹುಳುಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ಇವು ಮೂರೂ ಬೇರೆ ಬೇರೆ ತೊಂದರೆ ಅನಿಸುತ್ತವೆ. ಹಾಗಾಗಿ ಒಂದೊಂದಕ್ಕೂ ಬೇರೆ ಮದ್ದು ಹುಡುಕುತ್ತೇವೆ.

ನಾನೂ ಮೊದಲ ವರ್ಷ ಹಾಗೇ ಮಾಡಿದೆ. ಪಾಚಿ ಜಾಸ್ತಿಯಾಯಿತು ಅಂತ 12 ಬಸವನಹುಳು ತಂದು ಬಿಟ್ಟೆ. ಮೂರು ವಾರದಲ್ಲಿ ಒಂದೂ ಉಳಿಯಲಿಲ್ಲ. ಪಾಚಿ ಮಾತ್ರ ಇನ್ನಷ್ಟು ಬೆಳೆಯಿತು. ಒಂದು ರಾತ್ರಿ ಬಿಲದೊಳಗೆ ಟಾರ್ಚ್ ಬಿಟ್ಟು ನೋಡಿದೆ. ಒಡೆದ ಚಿಪ್ಪುಗಳ ರಾಶಿ ಇತ್ತು. ಅದರ ನಡುವೆ ಅರ್ಧ ತಿಂದು ಬಿಟ್ಟ ಮಾಂಸ ಬಿಳಿಯ ಬೂಷ್ಟಿನಂತೆ ಆಗಿ ಕೊಳೆಯುತ್ತಿತ್ತು. ಸ್ವಚ್ಛ ಮಾಡಲಿ ಅಂತ ಬಿಟ್ಟ ಹುಳುಗಳೇ ಟ್ಯಾಂಕಿನ ಕಸವಾಗಿದ್ದವು.

ಅಂದಿನಿಂದ ನಾನು ಈ ಟ್ಯಾಂಕಿನ ಸ್ವಚ್ಛತೆಯನ್ನೂ ಜೊತೆಗಾರರ ಆಯ್ಕೆಯನ್ನೂ ಬೇರೆ ಮಾಡಿ ನೋಡುವುದಿಲ್ಲ. ಬೇರೆ ಉಪ್ಪುನೀರಿನ ಟ್ಯಾಂಕಿನಲ್ಲಿ ಗುಡಿಸಿ ಒರೆಸುವ ಬಸವನಹುಳು, ಹರ್ಮಿಟ್ ಏಡಿ, ಕ್ಲೀನರ್ ಸೀಗಡಿ ಎಲ್ಲವೂ ಇಲ್ಲಿ ಊಟ. ಆ ಕೆಲಸವನ್ನು ನೀವು ಮಾಡಬೇಕು, ಇಲ್ಲವೇ ಮ್ಯಾಂಟಿಸ್ ಕಣ್ಣಿಗೆ ಊಟವೆಂದು ಕಾಣದಷ್ಟು ಸಣ್ಣ ಜೀವಿಗಳು ಮಾಡಬೇಕು.

ನಿಮ್ಮದು ಗುದ್ದುವ ಜಾತಿಯಾ, ಚುಚ್ಚುವ ಜಾತಿಯಾ?

ಇದು ಗೊತ್ತಿಲ್ಲದೆ ಮುಂದಿನ ಯಾವ ಪರೀಕ್ಷೆಯೂ ಸರಿಯಾಗುವುದಿಲ್ಲ. ಗುದ್ದುವ ಜಾತಿಗಳ ಮುಂಗಾಲಿನ ತುದಿ ಗದೆಯ ಹಾಗೆ ಉಬ್ಬಿರುತ್ತದೆ. ಎಲ್ಲರಿಗೂ ಗೊತ್ತಿರುವ ಪೀಕಾಕ್ ಮ್ಯಾಂಟಿಸ್ ಈ ಗುಂಪಿನದು. ಅದು ಸುಮಾರು 18 ಸೆಂ.ಮೀ. ತನಕ ಬೆಳೆಯುತ್ತದೆ. ಅದರ ಹೊಡೆತದ ವೇಗ ಸೆಕೆಂಡಿಗೆ 23 ಮೀಟರ್ ತನಕ ಅಳತೆಗೆ ಸಿಕ್ಕಿದೆ. ಹೊಡೆತದ ಜೊತೆಗೆ ನೀರಿನಲ್ಲಿ ಆವಿಯ ಗುಳ್ಳೆ ಹುಟ್ಟಿ ಒಡೆಯುತ್ತದೆ, ಅದೂ ಚಿಪ್ಪಿಗೆ ಇನ್ನೊಂದು ಪೆಟ್ಟು. ಈ ಜಾತಿಯ ಕಸ ಅಂದರೆ ಚಿಪ್ಪಿನ ಚೂರು, ಏಡಿಯ ಕಾಲು, ಬಿಲದ ಬಾಯಿಯ ಮುಂದೆ ಬೆಳೆಯುವ ತಿಪ್ಪೆ.

ಚುಚ್ಚುವ ಜಾತಿಗಳ ಮುಂಗಾಲಿಗೆ ಗರಗಸದ ಹಾಗೆ ಮುಳ್ಳುಗಳಿರುತ್ತವೆ. ಇವು ಮರಳಿನಲ್ಲಿ ಬಿಲ ತೋಡಿ, ಕಣ್ಣಷ್ಟೇ ಹೊರಗಿಟ್ಟು, ಹತ್ತಿರ ಬಂದ ಮೀನನ್ನು ಹಿಡಿಯುತ್ತವೆ. ಜೀಬ್ರಾ ಮ್ಯಾಂಟಿಸ್ ಇಂಥದ್ದು, 30 ಸೆಂ.ಮೀ. ಮೀರಿ ಬೆಳೆಯುತ್ತದೆ. ಇದರ ಕಸ ಮರಳಿನ ಆಳದಲ್ಲಿ ಇರುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಹೀಗಾಗಿ ಚುಚ್ಚುವ ಜಾತಿಯ ಟ್ಯಾಂಕ್ ನೋಡಲು ಚೊಕ್ಕವಾಗಿದ್ದರೂ ನೀರು ಕೆಟ್ಟಿರಬಹುದು.

ಅಳೆಯಿರಿ, ಆದರೆ ಅಳತೆಯನ್ನೇ ಮೊದಲು ಅನುಮಾನಿಸಿ

ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್, ಉಪ್ಪಿನಂಶ, ಬಿಸಿ, ಈ ಆರನ್ನು ಒಂದೇ ದಿನ ಅಳೆದು ಬರೆದುಕೊಳ್ಳಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ಒಳಗಿದ್ದರೆ ಒಳ್ಳೆಯದು. ಪಿಎಚ್ 8.1ರಿಂದ 8.4. ಉಪ್ಪಿನಂಶ ತೋರಿಸುವ ನೀರಿನ ಸಾಪೇಕ್ಷ ಸಾಂದ್ರತೆ 1.025 ಆಸುಪಾಸು. ಉಷ್ಣವಲಯದ ಜಾತಿಗಳಿಗೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಸಾಕು.

ತಪ್ಪು ಓದು ಬರುವ ಜಾಗ ಎರಡು. ನೈಟ್ರೇಟ್ ಕಿಟ್‌ನ ಒಂದು ಬಾಟಲಿಯಲ್ಲಿ ಪುಡಿ ತಳಕ್ಕೆ ಕೂತಿರುತ್ತದೆ. ಅದನ್ನು ಚೆನ್ನಾಗಿ ಕುಲುಕದಿದ್ದರೆ 40 ಇರುವ ಕಡೆ 5 ಅಂತ ತೋರಿಸಬಹುದು. ನೀರು ಚೆನ್ನಾಗಿದೆ ಅನ್ನುವ ಸಮಾಧಾನದಲ್ಲಿ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಇನ್ನೊಂದು ಉಪ್ಪಿನಂಶ. ಮುಳ್ಳು ಮೇಲೆ ಕೆಳಗೆ ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್‌ಗೆ ಒಂದು ಗಾಳಿಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಹೇಳುವ ರಿಫ್ರ್ಯಾಕ್ಟೋಮೀಟರ್ ಇಟ್ಟುಕೊಳ್ಳಿ. ಅದನ್ನು 35 ಪಿಪಿಟಿ (ಸಾವಿರದಲ್ಲಿ 35 ಪಾಲು ಉಪ್ಪು) ದ್ರಾವಣದಿಂದ ಆಗಾಗ ಸರಿಪಡಿಸಿ. ನೀರು ಆವಿಯಾದಾಗ ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಕಡಿಮೆಯಾದಷ್ಟು ತುಂಬಿಸಬೇಕಾದದ್ದು ಸಿಹಿನೀರು, ಉಪ್ಪುನೀರಲ್ಲ.

ಅಮೋನಿಯಾ ಕಂಡರೆ

ಹಳೆಯ ಟ್ಯಾಂಕಿನಲ್ಲಿ ಅಮೋನಿಯಾ ಬಣ್ಣ ತಿರುಗಿದರೆ ಎಲ್ಲೋ ಏನೋ ಸತ್ತು ಕೊಳೆಯುತ್ತಿದೆ ಎಂದೇ ತಿಳಿಯಿರಿ. ಪಿಎಚ್ ಮತ್ತು ಬಿಸಿ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ. ಉಪ್ಪುನೀರಿನ ಪಿಎಚ್ ಮೊದಲೇ ಮೇಲಿರುತ್ತದೆ, ಹಾಗಾಗಿ ಕಾಯುವಂತಿಲ್ಲ. ತಕ್ಷಣ 30% ನೀರು ಬದಲಿಸಿ. ಹೊಸ ನೀರಿನ ಬಿಸಿಯೂ ಉಪ್ಪೂ ಟ್ಯಾಂಕಿನ ನೀರಿಗೆ ಹೊಂದಿರಲಿ. ಆಮೇಲೆ ಹುಡುಕಿ.

ಹುಡುಕುವಾಗ ಮೊದಲು ಬಿಲದ ಬಾಯಿ ನೋಡಬೇಕು. ಬಾಯಿ ತೆರೆದಿದ್ದು ಪ್ರಾಣಿ ಓಡಾಡುತ್ತಿದ್ದರೆ ಕಸವೇ ಕಾರಣ. ಬಾಯಿ ಕಲ್ಲು, ಮರಳು, ಚಿಪ್ಪಿನಿಂದ ಮುಚ್ಚಿದ್ದರೆ ಕೈ ಹಾಕಬೇಡಿ. ಅದು ಪೊರೆ ಬಿಡುತ್ತಿರಬಹುದು. ಪೊರೆ ಬಿಡುವ ಮುಂಚೆ ಊಟ ಬಿಡುತ್ತದೆ, ಹೆದರಿಕೊಂಡಂತೆ ಇರುತ್ತದೆ, ಬಿಲ ಮುಚ್ಚಿಕೊಂಡು ಹಲವು ದಿನ, ಕೆಲವೊಮ್ಮೆ ಎರಡು ವಾರ ಕಾಣಿಸುವುದೇ ಇಲ್ಲ. ಮೈ ಮೆತ್ತಗಿರುವ ಆ ಹೊತ್ತಿನಲ್ಲಿ ಬಿಲ ಅಗೆದರೆ ಚೆನ್ನಾಗಿರುವ ಪ್ರಾಣಿಯನ್ನು ನಾವೇ ಕೊಂದ ಹಾಗಾಗುತ್ತದೆ. ಹೀಗೆ ಕಳೆದುಕೊಂಡವರ ಸಂಕಟ ನಾನು ಹತ್ತಿರದಿಂದ ಕಂಡಿದ್ದೇನೆ.

ಸತ್ತಿದೆಯೋ ಪೊರೆ ಬಿಡುತ್ತಿದೆಯೋ ಎಂದು ತಿಳಿಯುವುದು ಹೇಗೆ? ದಿನ ಬಿಟ್ಟು ದಿನ ಅಮೋನಿಯಾ ಅಳೆಯಿರಿ. ಪೊರೆ ಬಿಡುವ ಪ್ರಾಣಿಯಿಂದ ಅದು ಏರುವುದಿಲ್ಲ. ಸತ್ತಿದ್ದರೆ ಏರುತ್ತಲೇ ಹೋಗುತ್ತದೆ, ನೀರು ಮಸುಕಾಗುತ್ತದೆ, ಕೆಟ್ಟ ವಾಸನೆಯೂ ಬರುತ್ತದೆ. ಬಿಲದ ಹೊರಗೆ ಬಣ್ಣಬಣ್ಣದ ಸೀಗಡಿ ಮಗುಚಿ ಬಿದ್ದಿರುವುದನ್ನು ಕಂಡು ಗಾಬರಿಯಾಗುವವರೂ ಇದ್ದಾರೆ. ಇಕ್ಕಳದಲ್ಲಿ ಮೆಲ್ಲಗೆ ಎತ್ತಿ ನೋಡಿ. ಒಳಗೆ ಟೊಳ್ಳಾಗಿ, ಕಣ್ಣಿನ ಜಾಗ ಪಾರದರ್ಶಕವಾಗಿದ್ದರೆ ಅದು ಬರೀ ಪೊರೆ. ಅದನ್ನು ಅವಸರದಿಂದ ತೆಗೆಯಬೇಡಿ. ಕೆಲವು ಮ್ಯಾಂಟಿಸ್‌ಗಳು ಅದನ್ನೇ ತಿನ್ನುತ್ತವೆ. ಎರಡು ಮೂರು ದಿನ ಬಿಟ್ಟು ಉಳಿದದ್ದನ್ನು ತೆಗೆದರೆ ಸಾಕು.

ಬಿಲದ ಕಸ ತೆಗೆಯುವ ಬಗೆ

ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ಬಿಲ ಪಿವಿಸಿ ಪೈಪಿನದ್ದಾದರೆ ಅರ್ಧ ಕೆಲಸ ಮುಗಿದಂತೆ. ಎಲ್ಬೋ ಹಾಕಿ ಬಾಗಿಸಿದ, ಎರಡೂ ಕಡೆ ಬಾಯಿ ಇರುವ, ಪ್ರಾಣಿಗಿಂತ ಎರಡು ಮೂರು ಪಟ್ಟು ಉದ್ದದ ಪೈಪ್ ಇಡಿ. ನಡುಭಾಗ ಮರಳಿನೊಳಗೆ ಕತ್ತಲಲ್ಲಿ ಇರಲಿ. ಒಂದೇ ಬಾಯಿಯ ಬಿಲದಲ್ಲಿ ನೀರು ಆಡುವುದಿಲ್ಲ, ಗಸಿ ಕೊನೆಯಲ್ಲಿ ಕೂತು ಕೊಳೆಯುತ್ತದೆ. ನನ್ನ ಟ್ಯಾಂಕಿನಲ್ಲಿ ಆದದ್ದೂ ಅದೇ.

ಊಟದ ಹೊತ್ತಿಗೆ ಒಂದು ಬಾಯಿಯ ಮುಂದೆ ಉದ್ದದ ಇಕ್ಕಳದಲ್ಲಿ ತುಂಡು ಹಿಡಿಯಿರಿ. ಪ್ರಾಣಿ ಆ ಕಡೆ ಬಂದಾಗ ಇನ್ನೊಂದು ಬಾಯಿಯಿಂದ ರಬ್ಬರ್ ಬಲ್ಬ್ ಇರುವ ಉದ್ದನೆಯ ಪಿಚಕಾರಿಯಲ್ಲಿ ನೀರನ್ನು ಮೆಲ್ಲಗೆ ಒತ್ತಿ. ಗಸಿ ಎದ್ದ ಕೂಡಲೇ ಸಣ್ಣ ಪೈಪಿನಿಂದ ಹೊರಗೆ ಎಳೆದುಕೊಳ್ಳಿ. ಒಂದೇ ಸಲ ಎಲ್ಲವನ್ನೂ ತೆಗೆಯಲು ಹೋಗಬೇಡಿ. ಬಾಯಿಯ ಮುಂದಿನ ಚಿಪ್ಪಿನ ರಾಶಿಯಲ್ಲಿ ಕೆಲವು ದೊಡ್ಡ ಚೂರುಗಳನ್ನು ಅಲ್ಲೇ ಬಿಡಿ. ಬಾಗಿಲು ಮುಚ್ಚಲು ಅದಕ್ಕೆ ಅವು ಬೇಕು. ಮಾಂಸ ಅಂಟಿದ ಚೂರು ಮಾತ್ರ ಹೊರಗೆ ಹೋಗಬೇಕು.

ಬರಿಗೈ ಮಾತ್ರ ಬಿಲದ ಹತ್ತಿರ ಬೇಡ. ಗಾಜು ಒರೆಸಲು ಅಯಸ್ಕಾಂತದ ಒರಸು ಬಳಸಿ. ಗಾಜಿನ ಹೀಟರ್ ಟ್ಯಾಂಕಿನೊಳಗಿದ್ದರೆ, ಟ್ಯಾಂಕಿನ ಕೆಳಗೆ ಫಿಲ್ಟರ್ ಸಾಮಾನು ಇಡುವ ಇನ್ನೊಂದು ತೊಟ್ಟಿ ಅಂದರೆ ಸಂಪ್‌ಗೆ ಸಾಗಿಸಿ, ಒಂದು ಗುದ್ದು ಸಾಕು ಅದು ಒಡೆಯಲು.

ಅಮೋನಿಯಾ ಸೊನ್ನೆ, ನೈಟ್ರೇಟ್ ಮಾತ್ರ ಇಳಿಯುತ್ತಿಲ್ಲ

ತುಂಬಾ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. "ವಾರಕ್ಕೆ 20% ನೀರು ಬದಲಿಸುತ್ತೇನೆ, ಆದರೂ ನೈಟ್ರೇಟ್ 40ರಲ್ಲೇ ನಿಂತಿದೆ" ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 40ರಲ್ಲಿ 20% ತೆಗೆದರೆ 32 ಆಗುತ್ತದೆ. ವಾರದಲ್ಲಿ ಟ್ಯಾಂಕ್ 8 ಪಿಪಿಎಂ ಹುಟ್ಟಿಸಿದರೆ ಮತ್ತೆ 40. ಹೀಗೆ ವರ್ಷ ಬದಲಿಸಿದರೂ ಅದು ಅಲ್ಲೇ ಇರುತ್ತದೆ. ವಾರಕ್ಕೆ ಹುಟ್ಟುವುದು 4ಕ್ಕೆ ಇಳಿದರೆ, ಅಷ್ಟೇ ನೀರು ಬದಲಿಸಿದರೂ ಮೆಲ್ಲಮೆಲ್ಲಗೆ 20ಕ್ಕೆ ಬಂದು ನಿಲ್ಲುತ್ತದೆ. ಬಕೆಟ್ ಹೊರುವ ಮೊದಲು ಒಳಗೆ ಹೋಗುವುದನ್ನು ನೋಡಬೇಕು ಅನ್ನುವುದು ಇದಕ್ಕೇ.

ನಿಮ್ಮ ಟ್ಯಾಂಕ್ ವಾರಕ್ಕೆ ಎಷ್ಟು ಹುಟ್ಟಿಸುತ್ತದೆ? ನೀರು ಬದಲಿಸಿದ ಮಾರನೆಯ ದಿನ ಒಮ್ಮೆ, ಮುಂದಿನ ಬದಲಾವಣೆಗೆ ಮೊದಲು ಒಮ್ಮೆ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸವೇ ಉತ್ತರ.

ಹೆಚ್ಚಾಗಿದ್ದರೆ ಊಟದಿಂದ ಶುರು ಮಾಡಿ. ಬೆಳೆದ ಮ್ಯಾಂಟಿಸ್‌ಗೆ ದಿನವೂ ಊಟ ಬೇಕಿಲ್ಲ, ವಾರಕ್ಕೆ ಎರಡು ಮೂರು ಸಲ ಸಾಕು. ಫ್ರೀಜರಿನ ಸೀಗಡಿ ಕೊಡುವುದಾದರೆ ಕರಗಿಸಿ, ಆ ನೀರನ್ನು ಚೆಲ್ಲಿ, ತೊಳೆದು ಕೊಡಿ. ಮರುದಿನ ಬೆಳಿಗ್ಗೆ ಉಳಿದದ್ದನ್ನು ತೆಗೆಯಿರಿ. ಗುದ್ದುವ ಜಾತಿಗೆ ಆಗಾಗ ಚಿಪ್ಪಿರುವ ಊಟ ಬೇಕು, ಗುದ್ದುವುದು ಅದರ ಬದುಕು. ಆದರೆ ಒಂದು ಸಲಕ್ಕೆ ಒಂದೇ ಬಸವನಹುಳು ಬಿಡಿ. ಅದು ಮುಗಿದು, ಖಾಲಿ ಚಿಪ್ಪು ಕಂಡ ಮೇಲೆ ಇನ್ನೊಂದು. ನನ್ನ ತಪ್ಪು ಇದರಲ್ಲೇ ಇತ್ತು. 12 ಹುಳು ಒಟ್ಟಿಗೆ ಕಂಡರೆ ಅದು ಒಂದನ್ನು ಪೂರ್ತಿ ತಿನ್ನದೆ ಇನ್ನೊಂದನ್ನು ಒಡೆಯುತ್ತದೆ.

ಊಟ ಸರಿಯಿದ್ದರೆ ಸ್ಕಿಮ್ಮರ್ (ಗುಳ್ಳೆ ಎಬ್ಬಿಸಿ ನೊರೆಯ ಜೊತೆ ಕೊಳೆ ತೆಗೆಯುವ ಸಾಧನ) ನೋಡಿ. ಅದರ ಮೇಲಿನ ಕಪ್‌ನಲ್ಲಿ, ಅಂದರೆ ಬಟ್ಟಲಿನಲ್ಲಿ, ಗಾಢ ಕಂದು ಕೊಳೆ ಬೀಳುತ್ತಿದೆಯೇ? ಆ ಕಪ್‌ನ ಕುತ್ತಿಗೆಯ ಒಳಗೋಡೆಗೆ ಜಿಡ್ಡು ಹಿಡಿದರೆ ನೊರೆ ಮೇಲೇರುವುದಿಲ್ಲ. ವಾರಕ್ಕೊಮ್ಮೆ ಅದನ್ನು ಒರೆಸಬೇಕು. ಫಿಲ್ಟರಿನ ಸ್ಪಂಜು, ಸಾಕ್ಸ್‌ನಂಥ ಬಟ್ಟೆ ಚೀಲ ಇದ್ದರೆ ಮೂರು ನಾಲ್ಕು ದಿನಕ್ಕೊಮ್ಮೆ ತೊಳೆಯಿರಿ. ತೊಳೆಯದೆ ಬಿಟ್ಟರೆ ಹಿಡಿದ ಕಸ ಅಲ್ಲೇ ಕೊಳೆತು ಮತ್ತೆ ನೀರಿಗೇ ಸೇರುತ್ತದೆ.

ಕೊನೆಗೆ, ನೀವು ಹಾಕುವ ನೀರನ್ನೇ ಅಳೆಯಿರಿ. ಆರ್‌ಓ ಫಿಲ್ಟರ್ ಮೆಂಬ್ರೇನ್ ಹಳತಾದರೆ ನೈಟ್ರೇಟ್, ಫಾಸ್ಫೇಟ್ ನೀರಿನ ಜೊತೆಗೇ ಬರುತ್ತವೆ. ಆರ್‌ಓ ಜೊತೆ, ಉಳಿದ ಲವಣವನ್ನೂ ತೆಗೆಯುವ ಡಿಐ ಹಂತವೂ ಇದ್ದರೆ ಹೊರಬರುವ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ ತೋರಿಸಬೇಕು.

ಪಾಚಿ, ಕೆಂಪು ಲೋಳೆ, ಕಂದು ಪುಡಿ

ಹೊಸ ಟ್ಯಾಂಕಿನಲ್ಲಿ ಕಂದು ಪುಡಿಯಂಥ ಪದರ ಬಂದರೆ ಅದು ಡಯಾಟಮ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಕೆಲವು ವಾರದಲ್ಲಿ ತಾನಾಗಿ ಹೋಗುತ್ತದೆ, ಸುಮ್ನೆ ಬಿಡಿ. ಕೆಂಪು ಲೋಳೆ ಚಾಪೆಯ ಹಾಗೆ ಎದ್ದು ಬಂದರೆ ಸೈನೋಬ್ಯಾಕ್ಟೀರಿಯಾ, ಪಾಚಿಯ ಹಾಗೆ ಬೆಳಕಿನಿಂದ ಬೆಳೆಯುವ ಬ್ಯಾಕ್ಟೀರಿಯಾ. ಅದು ಹರಡುವ ಜಾಗ ನೋಡಿ. ಬಿಲದ ಬಾಯಿಯ ಸುತ್ತಲೇ ದಟ್ಟವಾಗಿದ್ದರೆ ಒಳಗಿನ ಕೊಳೆ ಅದಕ್ಕೆ ಊಟ ಹಾಕುತ್ತಿದೆ. ಮೂಲೆಗಳಲ್ಲಿ ಮಾತ್ರ ಇದ್ದರೆ ಅಲ್ಲಿ ನೀರು ಆಡುತ್ತಿಲ್ಲ, ಪಂಪಿನ ಮುಖ ತಿರುಗಿಸಿ. ಎರಡೂ ಕಡೆ ಲೋಳೆಯನ್ನು ಪೈಪಿನಿಂದ ಎಳೆದು ತೆಗೆಯಬೇಕು, ಕಲಕಿದರೆ ಇನ್ನಷ್ಟು ಹರಡುತ್ತದೆ.

ಹಸಿರು ಪಾಚಿಗೆ ನಾನು ಮೊದಲು ಮುಟ್ಟುವುದು ದೀಪವನ್ನು. ಪೀಕಾಕ್ ಮ್ಯಾಂಟಿಸ್ ಇರುವ ಟ್ಯಾಂಕಿಗೆ ಹವಳಕ್ಕೆ ಹಾಕುವಂಥ ಪ್ರಖರ ದೀಪ ಬೇಡವೇ ಬೇಡ. ಜಾಸ್ತಿ ಬೆಳಕು, ಗಿಡ್ಡ ಬಿಲ, ಕೆಟ್ಟ ನೀರು ಮೂರೂ ಸೇರಿದಾಗ ಅದರ ಚಿಪ್ಪಿನ ಮೇಲೆ ಕಪ್ಪು ಇಲ್ಲವೇ ಕಂದು ಕುಳಿಗಳು ಬೀಳುವುದನ್ನು ಸಾಕುವವರು ಬಹಳ ಸಲ ಕಂಡಿದ್ದಾರೆ. ಇದಕ್ಕೆ ಶೆಲ್ ರಾಟ್ ಅನ್ನುತ್ತಾರೆ. ಕುಳಿ ಚಿಕ್ಕದಿದ್ದರೆ ಮುಂದಿನ ಪೊರೆಯ ಜೊತೆ ಹೋಗಬಹುದು. ಆಳಕ್ಕೆ ಇಳಿದರೆ ಪೊರೆ ಕಳಚಲಾಗದೆ ಪ್ರಾಣಿ ಸಾಯುತ್ತದೆ. ಆದ್ದರಿಂದ ದೀಪವನ್ನು ಮಂದ ಮಾಡಿ, ದಿನಕ್ಕೆ 6 ಗಂಟೆಗೆ ಇಳಿಸಿ. ಪಾಚಿಗೂ ಪ್ರಾಣಿಗೂ ಒಂದೇ ಮದ್ದು ಸಿಕ್ಕಿತಲ್ವಾ!

ಸಂಪ್ ಇದ್ದರೆ ಅಲ್ಲಿ ಕೀಟೋಮಾರ್ಫಾ ಎಂಬ ನೂಲಿನಂಥ ಪಾಚಿಯ ಉಂಡೆ ಬೆಳೆಸಿ. ನೈಟ್ರೇಟ್, ಫಾಸ್ಫೇಟ್ ಹೀರಿ ಅದು ಬೆಳೆಯುತ್ತದೆ, ಅರ್ಧ ಕಿತ್ತು ಬಿಸಾಡಿದರೆ ಅಷ್ಟು ಕೊಳೆ ಹೊರಗೆ ಹೋದಂತೆ. ಅದರೊಳಗೆ ಕೋಪಿಪಾಡ್, ಆಂಫಿಪಾಡ್ ಎಂಬ ಸಣ್ಣ ಜೀವಿಗಳು ಮರಿ ಹಾಕಿ ಮೇಲಿನ ಟ್ಯಾಂಕಿಗೂ ಹೋಗುತ್ತವೆ. ನಾನು ಮೊದಲು ಹೇಳಿದ, ಮ್ಯಾಂಟಿಸ್ ಲೆಕ್ಕಕ್ಕೇ ತೆಗೆದುಕೊಳ್ಳದ ಕೆಲಸಗಾರರು ಇವೇ. ಮರಳಿನ ಸಣ್ಣ ಬಿರುಗೂದಲು ಹುಳುಗಳೂ ಬಿಲದ ಮೂಲೆಯ ಚೂರುಪಾರು ತಿಂದು ಮುಗಿಸುತ್ತವೆ. ನೋಡಲು ಚೆನ್ನಾಗಿಲ್ಲ ಅಂತ ಅವನ್ನು ಹಿಡಿದು ಬಿಸಾಡಬೇಡಿ.

ಜೊತೆಗಾರರು ಕಾಣೆಯಾಗುತ್ತಿದ್ದರೆ

ಮೊದಲು ಚಿಪ್ಪು ಹುಡುಕಿ. ಅಂಚು ಮುರಿದು ಚೂರಾಗಿದ್ದರೆ ಗುದ್ದುವ ಮ್ಯಾಂಟಿಸ್‌ನ ಕೆಲಸ. ಚಿಪ್ಪು ಇಡಿಯಾಗಿದ್ದು ಒಳಗೆ ಖಾಲಿಯಿದ್ದರೆ ಮ್ಯಾಂಟಿಸ್ ಮೇಲೆ ತಪ್ಪು ಹೊರಿಸಬೇಡಿ. ಹುಳು ಹಸಿವಿನಿಂದ ಸತ್ತಿರಬಹುದು, ಇಲ್ಲವೇ ಉಪ್ಪಿನಂಶ ದಿಢೀರನೆ ಬದಲಾಗಿರಬಹುದು. ಮೀನಿನ ಬಾಲ, ರೆಕ್ಕೆ ಮಾತ್ರ ಹರಿದಿದ್ದರೆ ಮೀನು ಮೀನುಗಳ ಜಗಳವೂ ಆಗಿರಬಹುದು. ರಾತ್ರಿ ದೀಪ ಆರುವಾಗ ಇದ್ದ ಮೀನು ಬೆಳಿಗ್ಗೆ ಸುಳಿವೇ ಇಲ್ಲದೆ ಹೋಗಿದ್ದರೆ, ಅದು ಮಲಗುವ ಜಾಗ ಬಿಲಕ್ಕೆ ಹತ್ತಿರವಿತ್ತು ಎಂದರ್ಥ.

ನೀವು ಮ್ಯಾಂಟಿಸ್ ತಂದೇ ಇಲ್ಲ, ಆದರೂ ಏಡಿ, ಹುಳು ಕಾಣೆಯಾಗುತ್ತಿವೆ, ರಾತ್ರಿ ಟಕ್ ಟಕ್ ಸದ್ದು ಕೇಳುತ್ತಿದೆ ಅಂದರೆ ಸಮುದ್ರದಿಂದ ಜೀವಿಗಳ ಸಮೇತ ತಂದ ಕಲ್ಲು, ಲೈವ್ ರಾಕ್‌ನ ತೂತಿನಲ್ಲಿ ಸಣ್ಣದೊಂದು ಬಂದಿರಬಹುದು. ಪಿಸ್ತೂಲ್ ಸೀಗಡಿಯೂ ಸದ್ದು ಮಾಡುತ್ತದೆ, ಆದರೆ ಅದು ಬಸವನಹುಳುಗಳ ಚಿಪ್ಪು ಒಡೆದು ರಾಶಿ ಹಾಕುವುದಿಲ್ಲ. ರಾತ್ರಿ ಕೆಂಪು ಬೆಳಕಿನಲ್ಲಿ ಕೂತು ಯಾವ ಕಲ್ಲು ಎಂದು ಗುರುತಿಸಿ. ಆ ಕಲ್ಲನ್ನು ಎತ್ತಿ ಟ್ಯಾಂಕಿನದೇ ನೀರು ಇರುವ ಬಕೆಟಿನ ಮೇಲೆ ಸ್ವಲ್ಪ ಹೊತ್ತು ಹಿಡಿದರೆ ಎಷ್ಟೋ ಸಲ ತಾನಾಗಿ ಕೆಳಗೆ ಬೀಳುತ್ತದೆ. ಅದನ್ನು ಕೊಲ್ಲಬೇಡಿ. ಚಿಕ್ಕ ಟ್ಯಾಂಕ್ ಮಾಡಿ ಸಾಕಿದರೆ ವರ್ಷಗಟ್ಟಲೆ ನಿಮ್ಮನ್ನು ನೋಡುತ್ತಾ ಕೂರುತ್ತದೆ.

ಇನ್ನು ಯಾರನ್ನು ಬಿಡಬಹುದು? ಚುಚ್ಚುವ ಜಾತಿಯ ಜೊತೆ ಯಾವ ಮೀನೂ ಬೇಡ. ಒಂದೇ ಟ್ಯಾಂಕಿಗೆ ಎರಡು ಮ್ಯಾಂಟಿಸ್ ಬೇಡ. ಆಕ್ಟೋಪಸ್ ಬೇಡ. ತಳದಲ್ಲಿ ಕೂರುವ ಗೋಬಿ, ಬ್ಲೆನ್ನಿ, ನಿಧಾನ ಈಜುವ ಸೀಹಾರ್ಸ್ ಯಾವುದೂ ಬೇಡ. ಗುದ್ದುವ ಜಾತಿಯ ಜೊತೆ, ಟ್ಯಾಂಕ್ ದೊಡ್ಡದಿದ್ದು ಕಲ್ಲುಗಳು ಎತ್ತರಕ್ಕೆ ಇದ್ದರೆ, ಹಸಿರು ಕ್ರೋಮಿಸ್‌ನಂಥ ಚುರುಕು ಮೀನುಗಳು ಉಳಿದುಕೊಳ್ಳುವುದುಂಟು. ಅವು ಮೇಲ್ಭಾಗದಲ್ಲೇ ಈಜುತ್ತವೆ, ಅಲ್ಲೇ ಕಲ್ಲಿನ ಸಂದಿಯಲ್ಲಿ ಮಲಗುತ್ತವೆ. ಆದರೂ ಇದು ಭರವಸೆ ಅಲ್ಲ. ಹೊಟ್ಟೆ ತುಂಬಿದ ಮ್ಯಾಂಟಿಸ್ ಕಡಿಮೆ ಬೇಟೆಯಾಡಬಹುದು, ಬೇಟೆ ಬಿಡುವುದಿಲ್ಲ. ಕಳೆದುಕೊಂಡರೆ ನೋವಾಗುವ ಮೀನನ್ನು ದಯವಿಟ್ಟು ಬಿಡಬೇಡಿ.

ಹವಳಗಳನ್ನು ಇದು ತಿನ್ನುವುದಿಲ್ಲ. ಆದರೆ ಸಡಿಲವಾಗಿ ಇಟ್ಟ ತುಂಡನ್ನು ಎಳೆದುಕೊಂಡು ಹೋಗಿ ಬಿಲದ ಬಾಗಿಲಿಗೆ ಇಟ್ಟುಕೊಳ್ಳುತ್ತದೆ. ಮಂದ ಬೆಳಕಿಗೆ ಹೊಂದುವ ಮಶ್ರೂಮ್ ಹವಳ ಒಳ್ಳೆಯದು, ದೊಡ್ಡ ಕಲ್ಲಿಗೆ ಗಟ್ಟಿಯಾಗಿ ಅಂಟಿಸಿಡಿ.

ಮೀನು ಬಿಡುವ ಮುಂಚೆ ಒಂದು ವಿಷಯ ಚೆನ್ನಾಗಿ ಯೋಚಿಸಿ. ಹೊಸ ಮೀನಿನ ಜೊತೆ ಬಿಳಿಚುಕ್ಕೆ ರೋಗ ಬರುವುದು ಮಾಮೂಲು. ಅದಕ್ಕೆ ಎಲ್ಲರೂ ಹೇಳುವ ಔಷಧಿ ತಾಮ್ರ. ತಾಮ್ರ ಸೀಗಡಿ, ಏಡಿಗಳಿಗೆ ವಿಷ, ಮ್ಯಾಂಟಿಸ್‌ಗೂ ವಿಷ. ಒಮ್ಮೆ ಟ್ಯಾಂಕಿಗೆ ಹಾಕಿದರೆ ಕಲ್ಲು, ಮರಳು ಅದನ್ನು ಹೀರಿಕೊಂಡು ಆಮೇಲೂ ಬಿಡುತ್ತಿರುತ್ತವೆ. ಮೀನನ್ನು ಮೊದಲು ಬೇರೆ ಟ್ಯಾಂಕಿನಲ್ಲಿ ಕನಿಷ್ಠ 4 ವಾರ ಇಟ್ಟು ನೋಡಿ. ಅಲ್ಲಿ ಬಳಸಿದ ಬಲೆ, ಪೈಪ್, ಸ್ಪಂಜು ಇಲ್ಲಿಗೆ ಬರಬಾರದು. ಮ್ಯಾಂಟಿಸ್ ಇದ್ದಕ್ಕಿದ್ದಂತೆ ನಡುಗುತ್ತಾ, ನೆಟ್ಟಗೆ ನಿಲ್ಲಲಾರದೆ ಇದ್ದು, ಅಮೋನಿಯಾ ಸೊನ್ನೆಯಿದ್ದರೆ, ಕೊನೆಯ ವಾರದಲ್ಲಿ ನೀರಿಗೆ ಏನು ಸೇರಿಸಿದಿರಿ ಎಂದು ನೆನಪು ಮಾಡಿಕೊಳ್ಳಿ. ಔಷಧಿಯ ಬಾಟಲಿಯ ಹಿಂದಿನ ಸಣ್ಣ ಅಕ್ಷರವನ್ನೂ ಓದಿ. ಅನುಮಾನವಿದ್ದರೆ ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಿ ಇದ್ದಿಲಿನ ಫಿಲ್ಟರ್ ಹಾಕಿ.

ಎಲ್ಲ ಮಾಡಿದರೂ ಸರಿಹೋಗದಿದ್ದರೆ

ಮರಳೇ ಹಳತಾಗಿರಬಹುದು. ಗಾಜಿನ ಬದಿಯಿಂದ ನೋಡಿ. ಮರಳಿನಲ್ಲಿ ಕಪ್ಪು ಪಟ್ಟೆ ಕಂಡರೆ, ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇದೆ. ಪ್ರಾಣಿ ಒಳಗಿರುವಾಗ ಇಡೀ ಮರಳನ್ನು ಕಲಕಬೇಡಿ, ಆ ಅನಿಲ ನೀರಿಗೆ ಸೇರಿದರೆ ಒಂದೇ ದಿನದಲ್ಲಿ ಎಲ್ಲ ಮುಗಿಯಬಹುದು. ನಾಲ್ಕು ಭಾಗ ಮಾಡಿಕೊಳ್ಳಿ. ಎರಡು ವಾರಕ್ಕೊಮ್ಮೆ ಒಂದು ಭಾಗವನ್ನು ಅಗಲ ಪೈಪಿನಿಂದ ನೀರಿನ ಜೊತೆಗೇ ಹೊರಗೆ ಎಳೆದು, ಅಲ್ಲಿಗೆ ತೊಳೆದ ಹೊಸ ಮರಳು ಹಾಕಿ. ಬಿಲ ಇರುವ ಭಾಗ ಕೊನೆಗೆ ಇರಲಿ. ಅದನ್ನು ಮುಟ್ಟುವ ಮೊದಲು ಪ್ರಾಣಿ ಪೊರೆ ಬಿಟ್ಟು ಕನಿಷ್ಠ ಎರಡು ವಾರ ಕಳೆದಿರಬೇಕು.

ನಾನು ಹೀಗೆ ಮರಳು ಬದಲಿಸಿ, ಎರಡು ಬಾಯಿಯ ಪೈಪ್ ಇಟ್ಟು, ಹುಳುಗಳನ್ನು ವಾರಕ್ಕೊಂದರಂತೆ ಕೊಡಲು ಶುರು ಮಾಡಿ ಮೂರು ತಿಂಗಳಾದಾಗ ನೈಟ್ರೇಟ್ 40ರಿಂದ 15ಕ್ಕೆ ಬಂದಿತ್ತು. ಕೆಂಪು ಲೋಳೆ ಪೂರ್ತಿ ಹೋಗಲು ಇನ್ನೂ ಒಂದು ತಿಂಗಳು ಹಿಡಿಯಿತು. ಈಗಲೂ ಊಟದ ಪುಸ್ತಕದಲ್ಲಿ ಒಂದು ಸಾಲು ಎರಡು ಭಾಗವಾಗಿ ಬರೆಯುತ್ತೇನೆ: ಎಡಕ್ಕೆ ಒಳಗೆ ಹೋದದ್ದು, ಬಲಕ್ಕೆ ಹೊರಗೆ ಬಂದ ಚಿಪ್ಪು. ಬಲಗಡೆ ಖಾಲಿ ಉಳಿದ ದಿನ ಟಾರ್ಚ್ ತೆಗೆದುಕೊಂಡು ಬಿಲದ ಮುಂದೆ ಕೂರುತ್ತೇನೆ.